ಹಿರಿಯರ ವಾಟ್ಸಾಪ್ ನೋಡಿ ನಗುವ ಮುನ್ನ

ಬೆಳಿಗ್ಗೆ ಐದೂವರೆಗೆ ಫೋನಿಗೆ ಒಂದು ಚಿತ್ರ ಬರುತ್ತದೆ. ಗುಲಾಬಿ ಹೂವು, ಹಿಂದೆ ಸೂರ್ಯ, ಕೆಳಗೆ ದಪ್ಪಕ್ಷರದಲ್ಲಿ ‘ಶುಭೋದಯ’. ಕಳಿಸಿದವರು ಯಾರು ಅಂತ ಕೇಳಬೇಕಾಗಿಯೇ ಇಲ್ಲ. ಅಪ್ಪ, ಇಲ್ಲವೇ ಅಮ್ಮ, ಇಲ್ಲವೇ ಊರಿನ ದೊಡ್ಡಪ್ಪ. ಈ ಚಿತ್ರಗಳು ಎಷ್ಟು ಜಾಸ್ತಿಯಾದವು ಅಂದರೆ, 2018ರಲ್ಲಿ ವಿದೇಶಿ ಪತ್ರಿಕೆಗಳಲ್ಲೂ ಸುದ್ದಿಯಾದವು. ಭಾರತದಲ್ಲಿ ಇಷ್ಟೊಂದು ಫೋನ್‌ಗಳ ಮೆಮೊರಿ ಯಾಕೆ ತುಂಬಿಹೋಗುತ್ತಿದೆ ಅಂತ ಗೂಗಲ್ ಹುಡುಕಿದಾಗ ಸಿಕ್ಕ ಕಾರಣಗಳಲ್ಲಿ ಗುಡ್ ಮಾರ್ನಿಂಗ್ ಚಿತ್ರಗಳೂ ಒಂದು. ಅವನ್ನು ಹುಡುಕಿ ಅಳಿಸುವ ಸೌಲಭ್ಯವನ್ನೂ ಗೂಗಲ್ ತನ್ನ ಆ್ಯಪ್ ಒಂದರಲ್ಲಿ ಸೇರಿಸಿತು. ಎಲ್ಲರೂ ನಕ್ಕರು. ಆ ನಗು ಇವತ್ತಿಗೂ ನಿಂತಿಲ್ಲ.

ಇದರಲ್ಲಿ ನಗುವಂಥದ್ದು ಏನೂ ಇಲ್ಲ ಅಂತ ನನಗೆ ಅನಿಸುತ್ತದೆ. 2001ರಲ್ಲಿ ಜಪಾನಿನ ಜೋಜಿರುಶಿ ಅನ್ನುವ ಕಂಪನಿ ‘ಐ-ಪಾಟ್’ ಅನ್ನುವ ಬಿಸಿನೀರಿನ ಪಾತ್ರೆಯನ್ನು ಹೊರತಂದಿತು. ಒಂಟಿಯಾಗಿರುವ ವೃದ್ಧರು ಚಹಾಕ್ಕೆ ಅದರಿಂದ ನೀರು ಬಗ್ಗಿಸಿಕೊಂಡರೆ, ದೂರದಲ್ಲಿರುವ ಮಕ್ಕಳಿಗೆ ಸಂದೇಶದಲ್ಲಿ ಗೊತ್ತಾಗುತ್ತಿತ್ತು. ಅಮ್ಮ ಎದ್ದಿದ್ದಾರೆ, ಓಡಾಡುತ್ತಿದ್ದಾರೆ ಅನ್ನುವುದಕ್ಕೆ ಅಷ್ಟು ಸಾಕು. ನಮ್ಮಲ್ಲಿ ಆ ಕೆಲಸವನ್ನು ಶುಭೋದಯದ ಗುಲಾಬಿ ಖರ್ಚಿಲ್ಲದೆ ಮಾಡುತ್ತಿದೆ. ದಿನಾ ಬರುವ ಚಿತ್ರ ಒಂದು ದಿನ ಬರಲಿಲ್ಲ ಅಂದರೆ, ಗ್ರೂಪಿನಲ್ಲಿ ಯಾರೋ ಒಬ್ಬರು ‘ಏನಾಯ್ತು, ಹುಷಾರಾಗಿದ್ದೀರಾ’ ಅಂತ ಫೋನ್ ಮಾಡುತ್ತಾರೆ. ಮಕ್ಕಳು ಬೇರೆ ಊರಿನಲ್ಲಿರುವ ಮನೆಗಳಲ್ಲಿ ಇದು ಸಣ್ಣ ವಿಷಯ ಅಲ್ಲ.

ಹಿರಿಯರು ಆನ್‌ಲೈನ್ ಸೇರಿದ ದಾರಿ ಎಲ್ಲ ಕಡೆ ಒಂದೇ ಅಲ್ಲ. ಅಮೆರಿಕದಲ್ಲಿ ಈ ಬದಲಾವಣೆ 2010ರ ಹೊತ್ತಿಗೇ ಎದ್ದು ಕಂಡಿತ್ತು. ಅಲ್ಲಿನ ಪ್ಯೂ ಸಂಶೋಧನಾ ಕೇಂದ್ರದ ಸಮೀಕ್ಷೆಯಲ್ಲಿ, ಇಂಟರ್ನೆಟ್ ಬಳಸುವ 50 ದಾಟಿದವರಲ್ಲಿ ಸೋಷಿಯಲ್ ನೆಟ್‌ವರ್ಕ್ ಬಳಸುತ್ತಿದ್ದವರು 2009ರ ಏಪ್ರಿಲ್‌ನಲ್ಲಿ ಶೇ 22. 2010ರ ಮೇ ತಿಂಗಳಲ್ಲಿ ಶೇ 42. ಒಂದೇ ವರ್ಷದಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು! ಅವರಲ್ಲಿ ಹೆಚ್ಚಿನವರು ಮೊದಲು ಕಂಪ್ಯೂಟರ್ ಕಲಿತು, ಇಮೇಲ್ ಕಲಿತು, ಆಮೇಲೆ ಫೇಸ್‌ಬುಕ್‌ಗೆ ಬಂದವರು. ನಮ್ಮ ಹಿರಿಯರಲ್ಲಿ ಬಹಳ ಜನ ಕಂಪ್ಯೂಟರನ್ನು ಮುಟ್ಟಲೇ ಇಲ್ಲ. ಲ್ಯಾಂಡ್‌ಲೈನ್ ಆದ ಮೇಲೆ ಬಟನ್ ಫೋನ್ ಬಂತು. ಅದಾದ ಮೇಲೆ ಮಗನೋ ಮಗಳೋ ಬಳಸಿ ಬಿಟ್ಟ ಸ್ಮಾರ್ಟ್‌ಫೋನ್ ಕೈಗೆ ಬಂತು. ಅದರಲ್ಲಿ ಮೊದಲು ತೆರೆದದ್ದೇ ವಾಟ್ಸಾಪ್. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮಲ್ಲಿ ದೊಡ್ಡ ತಿರುವು ಬಂದದ್ದು 2016ರಲ್ಲಿ. ಸೆಪ್ಟೆಂಬರ್‌ನಲ್ಲಿ ಜಿಯೊ ಶುರುವಾಯಿತು, ಡೇಟಾ ದರ ಪಾತಾಳಕ್ಕೆ ಇಳಿಯಿತು. ನವೆಂಬರ್‌ನಲ್ಲಿ ವಾಟ್ಸಾಪಿಗೆ ವಿಡಿಯೊ ಕಾಲ್ ಬಂತು. ಅದೇ ತಿಂಗಳು ನೋಟು ರದ್ದತಿಯೂ ಆಯಿತು, ಫೋನಿನಲ್ಲಿ ದುಡ್ಡು ಕಳಿಸುವ ಮಾತು ಮನೆಮನೆಗೆ ಬಂತು. ಮರುವರ್ಷ, 2017ರ ಆಗಸ್ಟ್‌ನಲ್ಲಿ, ಗೂಗಲ್‌ನ ಧ್ವನಿ ಟೈಪಿಂಗ್‌ಗೆ ಕನ್ನಡ ಸೇರಿತು. ಒತ್ತಕ್ಷರ ಎಲ್ಲಿದೆ ಅಂತ ಕೀಬೋರ್ಡಿನಲ್ಲಿ ತಡಕಾಡುತ್ತಿದ್ದವರು ಬಾಯಲ್ಲಿ ಹೇಳಿದರೆ ಸಾಕು ಅನ್ನುವಂತಾಯಿತು.

ಆದರೂ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ಬಾಗಿಲು ವಾಯ್ಸ್ ಮೆಸೇಜ್. 2011ರ ಜನಗಣತಿ ಪ್ರಕಾರ ದೇಶದಲ್ಲಿ 60 ದಾಟಿದವರಲ್ಲಿ ಅಕ್ಷರ ಬಲ್ಲವರು ಶೇ 44 ಮಾತ್ರ. ಹೆಂಗಸರಲ್ಲಂತೂ ಶೇ 28. ಅಂದರೆ ಆ ಪೀಳಿಗೆಯ ನಾಲ್ವರು ಅಜ್ಜಿಯರಲ್ಲಿ ಮೂವರಿಗೆ ಹತ್ತಿರ ಹತ್ತಿರ ಓದು ಬರಹ ಬರುತ್ತಿರಲಿಲ್ಲ. ಜೀವನದಲ್ಲಿ ಒಂದು ಕಾಗದವನ್ನೂ ತಾನಾಗಿ ಬರೆಯದ, ತವರಿಗೆ ಏನಾದರೂ ತಿಳಿಸಬೇಕಾದರೆ ಇನ್ನೊಬ್ಬರ ಕೈಯಲ್ಲಿ ಬರೆಸಬೇಕಿದ್ದ ಹೆಂಗಸು, ಇವತ್ತು ಮೈಕಿನ ಗುರುತನ್ನು ಒತ್ತಿ ಹಿಡಿದು ತಂಗಿಯ ಹತ್ತಿರ ಮಾತಾಡುತ್ತಾಳೆ. ಅವಳ ಸುಖ ದುಃಖವನ್ನು ನಡುವೆ ಯಾರೂ ಓದಬೇಕಾಗಿಲ್ಲ, ಬರೆಯಬೇಕಾಗಿಲ್ಲ. ಹಿರಿಯರ ಡಿಜಿಟಲ್ ಬದುಕಿನ ಬಗ್ಗೆ ಮಾತಾಡುವಾಗ ಈ ಸಂಗತಿಗೆ ಸಿಗಬೇಕಾದ ಬೆಲೆ ಸಿಕ್ಕಿಲ್ಲ.

ಆಮೇಲೆ 2020ರ ಲಾಕ್‌ಡೌನ್. ಹಿರಿಯರು ಮನೆಯಿಂದ ಹೊರಗೆ ಬರಲೇಬಾರದು ಅಂತ ಎಲ್ಲರೂ ಹೇಳಿದರು. ಪಾರ್ಕ್ ಇಲ್ಲ, ದೇವಸ್ಥಾನ ಇಲ್ಲ, ಮದುವೆ ಇಲ್ಲ. ‘ನಮಗ್ಯಾಕೆ ಇದೆಲ್ಲ’ ಅನ್ನುತ್ತಿದ್ದವರೂ ಅನಿವಾರ್ಯವಾಗಿ ಕಲಿತರು. ಹತ್ತಿರದವರ ಅಂತ್ಯಕ್ರಿಯೆಯನ್ನೂ ಫೋನಿನಲ್ಲೇ ನೋಡಬೇಕಾದ ದಿನಗಳು ಅವು.

ಇಷ್ಟು ಜನ ಬಂದು ಅಲ್ಲಿ ಮಾಡುವುದೇನು? ಯುವಕರು ಹೊಸಬರ ಪರಿಚಯಕ್ಕೆ, ತಮ್ಮನ್ನು ತೋರಿಸಿಕೊಳ್ಳುವುದಕ್ಕೆ ಆನ್‌ಲೈನ್ ಹೋಗುವುದು ಜಾಸ್ತಿ. ಹಿರಿಯರು ಬಹುಪಾಲು ಹಳಬರನ್ನು ಹುಡುಕಿಕೊಂಡು ಹೋಗುತ್ತಾರೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞೆ ಲಾರಾ ಕಾರ್ಸ್ಟೆನ್ಸನ್ ಇದನ್ನು ಬಹಳ ವರ್ಷಗಳಿಂದ ವಿವರಿಸುತ್ತಾ ಬಂದಿದ್ದಾರೆ. ಮುಂದಿರುವ ಕಾಲ ಕಡಿಮೆ ಅಂತ ಅನಿಸಿದಾಗ ಮನುಷ್ಯ ಪರಿಚಯಗಳನ್ನು ಹೆಚ್ಚಿಸಿಕೊಳ್ಳಲು ಹೋಗುವುದಿಲ್ಲ. ಮನಸ್ಸಿಗೆ ಹತ್ತಿರದವರನ್ನು ಮಾತ್ರ ಉಳಿಸಿಕೊಳ್ಳುತ್ತಾನೆ. ವಯಸ್ಸಾದವರ ಬಳಗ ಚಿಕ್ಕದಾಗುವುದು ಬರೀ ಅಸಹಾಯಕತೆಯಿಂದ ಅಲ್ಲ, ಅದು ಅವರ ಆಯ್ಕೆಯೂ ಹೌದು ಅನ್ನುವುದು ಅವರ ವಾದ. ನಮ್ಮ ಹಿರಿಯರಿಗೆ ಅಪರಿಚಿತರ ಚಿತ್ರಗಳು ಹರಿಯುವ ಜಾಲತಾಣಗಳಿಗಿಂತ ವಾಟ್ಸಾಪ್ ಯಾಕೆ ಹಿಡಿಸಿತು ಅನ್ನುವುದು ಇದರಿಂದ ಅರ್ಥವಾಗುತ್ತದೆ. ಅಲ್ಲಿರುವವರೆಲ್ಲ ಗೊತ್ತಿರುವವರೇ.

ಕರ್ನಾಟಕದಲ್ಲಿ ಇದರ ಒಳ್ಳೆಯ ಉದಾಹರಣೆ ಎಸ್ಸೆಸ್ಸೆಲ್ಸಿ ಬ್ಯಾಚ್ ಗ್ರೂಪ್. ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ‘ಹಳೆ ವಿದ್ಯಾರ್ಥಿಗಳಿಂದ ಗುರುವಂದನೆ’ ಅನ್ನುವ ಸುದ್ದಿ ಈಗ ಮಾಮೂಲಿ. ಮೂವತ್ತು, ನಲವತ್ತು ವರ್ಷದ ಹಿಂದೆ ಒಂದೇ ಬೆಂಚಿನಲ್ಲಿ ಕೂತವರು ಮತ್ತೆ ಸೇರಿ ತಮ್ಮ ಮೇಷ್ಟ್ರಿಗೆ ಶಾಲು ಹೊದಿಸುತ್ತಾರೆ, ಶಾಲೆಗೆ ಬೆಂಚು, ಗಡಿಯಾರ ಕೊಡಿಸುತ್ತಾರೆ. ಇಂಥ ಕಾರ್ಯಕ್ರಮದ ಹಿಂದೆ ಸಾಮಾನ್ಯವಾಗಿ ತಿಂಗಳುಗಟ್ಟಲೆ ನಡೆದ ವಾಟ್ಸಾಪ್ ಹುಡುಕಾಟ ಇರುತ್ತದೆ. ಹುಡುಗರನ್ನು ಹುಡುಕುವುದು ಸುಲಭ. ಹುಡುಗಿಯರನ್ನು ಹುಡುಕುವುದೇ ಕಷ್ಟ. ಮದುವೆಯಾಗಿ ಊರು ಬದಲಾಗಿದೆ, ಕೆಲವರ ಹೆಸರಿನ ಜೊತೆ ಇರುವ ಇನಿಷಿಯಲ್ ಕೂಡ ಬದಲಾಗಿದೆ. ತವರಿನ ಅಣ್ಣನಿಗೆ ಫೋನ್ ಮಾಡಿ, ಅಲ್ಲಿಂದ ನಂಬರ್ ತಗೊಂಡು ಗ್ರೂಪಿಗೆ ಸೇರಿಸಬೇಕು. ಹಾಗೆ ಸಿಕ್ಕವರಲ್ಲಿ ಎಷ್ಟೋ ಹೆಂಗಸರು ಮದುವೆಯಾದ ಮೇಲೆ ಒಬ್ಬ ಗೆಳತಿಯ ಜೊತೆಗೂ ಮಾತಾಡಿರುವುದಿಲ್ಲ. ಮದುವೆ ಅಂದರೆ ಗೆಳೆತನದ ಕೊನೆ ಅಂತ ಒಪ್ಪಿಕೊಂಡಿದ್ದ ಒಂದು ಪೀಳಿಗೆಗೆ ಇದು ದೊಡ್ಡ ಪುನರ್ಮಿಲನ.

ಈ ಗ್ರೂಪುಗಳಲ್ಲಿ ಜಗಳವೂ ಇದೆ. ರಾಜಕೀಯ ಬೇಡ ಅಂತ ಅಡ್ಮಿನ್ ನಿಯಮ ಮಾಡಿರುತ್ತಾರೆ, ಚುನಾವಣೆ ಬಂದಾಗ ಅದು ಮುರಿಯುತ್ತದೆ, ಸಿಟ್ಟಿನಿಂದ ಒಬ್ಬರು ಹೊರಗೆ ಹೋಗುತ್ತಾರೆ, ವಾರ ಕಳೆದ ಮೇಲೆ ಯಾರೋ ಸಮಾಧಾನ ಮಾಡಿ ಕರೆತರುತ್ತಾರೆ. ಆಗಾಗ ಒಂದು ಫೋಟೊ ಬರುತ್ತದೆ, ಅದರ ಕೆಳಗೆ ಸಾಲಾಗಿ ‘ಓಂ ಶಾಂತಿ’. ಆ ದಿನ ಬೇರೆ ಯಾರೂ ಏನೂ ಹಾಕುವುದಿಲ್ಲ. ಜೊತೆಗಾರರ ಸಾವನ್ನು ಜೊತೆಗಾರರ ನಡುವೆ ಕೂತು ಕೇಳುವುದಕ್ಕೂ ಒಬ್ಬರೇ ಕೂತು ಕೇಳುವುದಕ್ಕೂ ವ್ಯತ್ಯಾಸ ಇದೆ.

ನಿವೃತ್ತ ನೌಕರರ ಗ್ರೂಪುಗಳದ್ದು ಇನ್ನೊಂದು ಕಥೆ. ಇಲ್ಲಿ ಹೊಟ್ಟೆಪಾಡಿನ ಪ್ರಶ್ನೆ ಇದೆ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಎಚ್‌ಎಂಟಿ ವಾಚ್ ಕಂಪನಿ ಮುಚ್ಚುವ ತೀರ್ಮಾನ 2016ರಲ್ಲಿ ಆಯಿತು. ಇಂಥ ಕಡೆ ದುಡಿದವರಿಗೆ ಈಗ ಸೇರಲು ಗೇಟೂ ಇಲ್ಲ, ಯೂನಿಯನ್ ಆಫೀಸೂ ಇಲ್ಲ. ಪಿಎಫ್ ಕಟ್ಟುತ್ತಿದ್ದ ನೌಕರರಿಗೆ ಸಿಗುವ ಇಪಿಎಸ್-95 ಪಿಂಚಣಿಯ ಕನಿಷ್ಠ ಮೊತ್ತ 2014ರ ಸೆಪ್ಟೆಂಬರ್‌ನಲ್ಲಿ ತಿಂಗಳಿಗೆ ಒಂದು ಸಾವಿರ ರೂಪಾಯಿ ಅಂತ ನಿಗದಿಯಾಯಿತು. ಅದನ್ನು 7,500ಕ್ಕೆ ಏರಿಸಿ ಅಂತ ಪಿಂಚಣಿದಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ. 2022ರ ನವೆಂಬರ್‌ನಲ್ಲಿ, ನಿಜವಾದ ಸಂಬಳದ ಲೆಕ್ಕದಲ್ಲಿ ಸಿಗುವ ಹೆಚ್ಚಿನ ಪಿಂಚಣಿಯ ಬಗ್ಗೆ ಸುಪ್ರೀಂ ಕೋರ್ಟ್ ತೀರ್ಪು ಬಂದಾಗ, ಅರ್ಹರು ಆನ್‌ಲೈನಿನಲ್ಲಿ ಅರ್ಜಿ ಹಾಕಬೇಕಾಯಿತು. ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಗಿ ಕೊನೆಗೆ 2023ರ ಜುಲೈ 11ಕ್ಕೆ ನಿಂತಿತು. ಯಾವ ದಾಖಲೆ ಬೇಕು, ಯಾವ ಪುಟದಲ್ಲಿ ಏನು ತುಂಬಬೇಕು, ಗಡುವು ಯಾವಾಗ ಅನ್ನುವುದನ್ನು ನಿವೃತ್ತರು ಒಬ್ಬರಿಗೊಬ್ಬರು ಹೇಳಿಕೊಟ್ಟದ್ದು ಇಂಥ ಗ್ರೂಪುಗಳಲ್ಲಿ. ಪ್ರತಿ ನವೆಂಬರ್‌ನಲ್ಲಿ ಜೀವನ ಪ್ರಮಾಣ ಪತ್ರ ಕೊಡುವಾಗಲೂ ಅಷ್ಟೇ. 2021ರಿಂದ ಫೋನ್ ಕ್ಯಾಮೆರಾಕ್ಕೆ ಮುಖ ತೋರಿಸಿಯೇ ಅದನ್ನು ಸಲ್ಲಿಸಬಹುದು. ಬೆರಳಿನ ಗುರುತು ಸವೆದುಹೋಗಿ ಬಯೊಮೆಟ್ರಿಕ್ ಯಂತ್ರದ ಮುಂದೆ ಒದ್ದಾಡುತ್ತಿದ್ದವರಿಗೆ ಇದು ನಿಜವಾದ ಅನುಕೂಲ. ಇವರನ್ನು ನೋಡಿ ‘ಟೈಮ್‌ಪಾಸ್‌ಗೆ ಫೋನ್ ಹಿಡಿದಿದ್ದಾರೆ’ ಅನ್ನುವುದು ಅನ್ಯಾಯ.

ಹೆಂಗಸರ ವಿಷಯದಲ್ಲಿ ಮಾತ್ರ ಚಿತ್ರ ಇಷ್ಟು ಚೆನ್ನಾಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಒಮ್ಮೆಯಾದರೂ ಇಂಟರ್ನೆಟ್ ಬಳಸಿದ್ದೇವೆ ಅಂದ ಗಂಡಸರು ಶೇ 57, ಹೆಂಗಸರು ಶೇ 33. ಅದೂ 15ರಿಂದ 49 ವರ್ಷದವರ ಲೆಕ್ಕ. ಅದಕ್ಕಿಂತ ಹಿರಿಯ ಹೆಂಗಸರ ಸ್ಥಿತಿ ಇದಕ್ಕಿಂತ ಒಳ್ಳೆಯದಿರಲು ಸಾಧ್ಯವಿಲ್ಲ. ಎಷ್ಟೋ ಮನೆಗಳಲ್ಲಿ ಫೋನ್ ಯಜಮಾನರದ್ದು, ಅಮ್ಮ ಅದನ್ನು ಕೇಳಿ ಪಡೆಯಬೇಕು. ಯಜಮಾನರು ತೀರಿಕೊಂಡ ಮೇಲೆ ಆ ಫೋನ್ ಇವರ ಕೈಗೆ ಬರುತ್ತದೆ. ಬ್ಯಾಂಕು, ಗ್ಯಾಸು, ಪಿಂಚಣಿ ಎಲ್ಲ ಆ ನಂಬರಿಗೇ ಜೋಡಣೆಯಾಗಿರುತ್ತವೆ. ಒಟಿಪಿ ಅಂದರೆ ಏನು ಅಂತ ಗೊತ್ತಿಲ್ಲದವರ ಕೈಗೆ, ದುಃಖದ ಆ ದಿನಗಳಲ್ಲೇ, ಇಡೀ ಸಂಸಾರದ ಬೀಗದ ಕೈ ಬಂದು ಬೀಳುತ್ತದೆ. ವಂಚಕರು ಕಾಯುವುದು ಇಂಥವರಿಗಾಗಿಯೇ.

ಈಗ ಸುಳ್ಳು ಸುದ್ದಿಯ ವಿಷಯಕ್ಕೆ ಬರೋಣ. ‘ಫಾರ್ವರ್ಡ್ ಮಾಡುವವರೆಲ್ಲ ಮುದುಕರೇ’ ಅನ್ನುವ ಮಾತು ಎಲ್ಲ ಕಡೆ ಕೇಳುತ್ತದೆ. ಅದಕ್ಕೆ ಆಧಾರವಾಗಿ ಒಂದು ಅಧ್ಯಯನವನ್ನು ಮತ್ತೆ ಮತ್ತೆ ಹೇಳಲಾಗುತ್ತದೆ. ಅಮೆರಿಕದ 2016ರ ಚುನಾವಣೆ ಸಮಯದ ಫೇಸ್‌ಬುಕ್ ಹಂಚಿಕೆಗಳನ್ನು ನೋಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ಅದು. 65 ದಾಟಿದವರು ಅತಿ ಕಿರಿಯ ಗುಂಪಿಗಿಂತ ಸುಮಾರು ಏಳು ಪಟ್ಟು ಹೆಚ್ಚು ಸುಳ್ಳು ಸುದ್ದಿ ತಾಣಗಳ ಬರಹಗಳನ್ನು ಹಂಚಿದ್ದರು. ನಿಜ. ಆದರೆ ಅದೇ ಅಧ್ಯಯನದ ಇನ್ನೊಂದು ಅಂಕಿಯನ್ನು ಯಾರೂ ಹೇಳುವುದಿಲ್ಲ. ಆ ಹಿರಿಯರಲ್ಲಿ ಇಂಥದ್ದನ್ನು ಒಂದಾದರೂ ಹಂಚಿದವರು ಶೇ 11 ಮಾತ್ರ. ಉಳಿದ ಶೇ 89 ಮಂದಿ ಹಂಚಲೇ ಇಲ್ಲ. ಕೆಲವರ ಅಭ್ಯಾಸವನ್ನು ಇಡೀ ವಯಸ್ಸಿನ ಹಣೆಗೆ ಅಂಟಿಸಿದ್ದೇವೆ.

ನಮ್ಮ ರಾಜ್ಯದ ಅನುಭವವೂ ಬೇರೆಯೇ ಹೇಳುತ್ತದೆ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳ ಕಳ್ಳರು ಅನ್ನುವ ವಾಟ್ಸಾಪ್ ವದಂತಿಯಿಂದ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರನ್ನು ಗುಂಪು ಹೊಡೆದು ಕೊಂದಿತು. ಅದೇ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲೂ ಇಂಥದೇ ಹತ್ಯೆ ನಡೆದಿತ್ತು. ಆ ವದಂತಿ ಓಡಾಡಿದ್ದು ಎಲ್ಲ ವಯಸ್ಸಿನವರ ಫೋನುಗಳಲ್ಲಿ. ಸಾಲುಸಾಲಾಗಿ ಇಂಥ ಘಟನೆಗಳು ನಡೆದ ಮೇಲೆಯೇ ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಅನ್ನುವ ಮಿತಿ ತಂದಿತು. 2020ರ ಏಪ್ರಿಲ್‌ನಲ್ಲಿ, ಬಹಳ ಸಲ ಫಾರ್ವರ್ಡ್ ಆದದ್ದನ್ನು ಒಂದು ಸಲಕ್ಕೆ ಒಂದೇ ಕಡೆಗೆ ಅಂತ ಇನ್ನೂ ಬಿಗಿ ಮಾಡಿತು. ಯಂತ್ರದ ವಿನ್ಯಾಸವೇ ತಪ್ಪಾಗಿತ್ತು ಅಂತ ಕಂಪನಿ ಒಪ್ಪಿಕೊಂಡ ಹಾಗೆಯೇ ಅಲ್ವಾ ಅದು?

ಹಾಗಂತ ಹಿರಿಯರಿಗೆ ಪ್ರತ್ಯೇಕ ತೊಂದರೆ ಏನೂ ಇಲ್ಲ ಅಂತ ನಾನು ಹೇಳುತ್ತಿಲ್ಲ. ಮೊದಲು ಹೇಳಿದ ವ್ಯತ್ಯಾಸ ಇಲ್ಲಿ ಬರುತ್ತದೆ. ಇಮೇಲ್ ಕಾಲದಲ್ಲಿ ಬೆಳೆದವರು ‘ನಿಮಗೆ ಲಾಟರಿ ಬಂದಿದೆ’ ಅನ್ನುವ ಮೇಲ್‌ಗಳನ್ನು ನೂರಾರು ಸಲ ನೋಡಿ ನೋಡಿ ಪಳಗಿದರು. ಕಳಿಸಿದವರ ಹೆಸರು ಸುಳ್ಳಾಗಿರಬಹುದು ಅನ್ನುವುದು ಅವರಿಗೆ ಅಭ್ಯಾಸವಾಯಿತು. ನಮ್ಮ ಹಿರಿಯರಿಗೆ ಆ ತಾಲೀಮು ಸಿಗಲಿಲ್ಲ. ಅವರ ಕಾಲದಲ್ಲಿ ಅಚ್ಚಾದದ್ದು ಅಂದರೆ ಯಾರೋ ಪರೀಕ್ಷಿಸಿ ಹಾಕಿದ್ದು. ಸರ್ಕಾರದ ಮೊಹರು ಇದ್ದ ಕಾಗದ ಅಂದರೆ ಸರ್ಕಾರದ್ದೇ. ಜೊತೆಗೆ, ವಾಟ್ಸಾಪಿನಲ್ಲಿ ಸುದ್ದಿ ಬರುವುದು ಗೊತ್ತಿರುವವರ ಹೆಸರಿನಲ್ಲಿ. ಷಡ್ಡಕ ಕಳಿಸಿದ್ದನ್ನು ಅನುಮಾನಿಸುವುದು ಅಂದರೆ ಷಡ್ಡಕನನ್ನೇ ಅನುಮಾನಿಸಿದ ಹಾಗೆ ಅನಿಸುತ್ತದೆ. ಈ ಜಾಲ ಅವರಿಗೆ ಹಿಡಿಸಿದ್ದು ಯಾವ ನಂಬಿಕೆಯಿಂದಲೋ, ಅದೇ ನಂಬಿಕೆ ಇಲ್ಲಿ ಅವರನ್ನು ಸಿಕ್ಕಿಸುತ್ತದೆ.

ಆ ನಂಬಿಕೆಯನ್ನು ಅತಿ ಕ್ರೂರವಾಗಿ ಬಳಸಿಕೊಂಡದ್ದು ‘ಡಿಜಿಟಲ್ ಅರೆಸ್ಟ್’. ಕ್ರಮ ಹೆಚ್ಚುಕಡಿಮೆ ಹೀಗಿರುತ್ತದೆ. ನಿಮ್ಮ ಆಧಾರ್ ಬಳಸಿ ಯಾರೋ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಕಳಿಸಿದ್ದಾರೆ ಅಂತ ಫೋನ್ ಬರುತ್ತದೆ. ಆಮೇಲೆ ವಿಡಿಯೊ ಕಾಲ್. ಅಲ್ಲಿ ಪೊಲೀಸ್ ಸಮವಸ್ತ್ರ, ಹಿಂದೆ ಠಾಣೆಯ ಹಾಗೆ ಕಾಣುವ ಗೋಡೆ, ಕೆಲವೊಮ್ಮೆ ನಕಲಿ ನ್ಯಾಯಾಧೀಶರು ಕೂಡ. ‘ಕ್ಯಾಮೆರಾ ಆಫ್ ಮಾಡಬೇಡಿ, ಮನೆಯವರಿಗೂ ಹೇಳಬೇಡಿ, ಹೇಳಿದರೆ ಅವರನ್ನೂ ಬಂಧಿಸುತ್ತೇವೆ’ ಅನ್ನುತ್ತಾರೆ. ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಇದೇ ಹಿಂಸೆ. ಕೊನೆಗೆ ‘ಪರಿಶೀಲನೆಗೆ’ ಅಂತ ಎಫ್‌ಡಿ ಮುರಿಸಿ ಹಣ ಹಾಕಿಸಿಕೊಳ್ಳುತ್ತಾರೆ. ಸರ್ಕಾರ ಸಂಸತ್ತಿಗೆ ಕೊಟ್ಟ ಲೆಕ್ಕದಲ್ಲಿ ಡಿಜಿಟಲ್ ಅರೆಸ್ಟ್ ಮತ್ತು ಅದಕ್ಕೆ ಸಂಬಂಧಿಸಿದ ಅಪರಾಧಗಳ ದೂರುಗಳು 2024ರಲ್ಲಿ 1.23 ಲಕ್ಷ ದಾಟಿದ್ದವು, ಹೋದ ಹಣ 1,900 ಕೋಟಿ ರೂಪಾಯಿಗೂ ಹೆಚ್ಚು. 2025ರ ಮಾರ್ಚ್‌ನಲ್ಲಿ ಬೆಳಗಾವಿ ಜಿಲ್ಲೆ ಖಾನಾಪುರ ತಾಲ್ಲೂಕಿನ ಬೀಡಿ ಗ್ರಾಮದ ವೃದ್ಧ ದಂಪತಿ ಇಂಥ ವಂಚಕರ ಕಾಟ ತಾಳಲಾರದೆ ಪ್ರಾಣ ಕಳೆದುಕೊಂಡರು. ಅದೇ ವರ್ಷ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಈ ವಂಚನೆಗಳ ತನಿಖೆಯನ್ನು ಸಿಬಿಐಗೆ ವಹಿಸಿತು.

ಈ ವಂಚನೆಯ ಜೀವಾಳ ‘ಯಾರಿಗೂ ಹೇಳಬೇಡಿ’ ಅನ್ನುವ ಒಂದೇ ಮಾತು. ಬಲಿಯಾದವರಲ್ಲಿ ಬ್ಯಾಂಕ್ ಅಧಿಕಾರಿಗಳಾಗಿ ನಿವೃತ್ತರಾದವರಿದ್ದಾರೆ, ಪ್ರೊಫೆಸರ್‌ಗಳಿದ್ದಾರೆ, ವೈದ್ಯರಿದ್ದಾರೆ. ಅವರಿಗೆ ತಿಳಿವಳಿಕೆ ಕಡಿಮೆ ಇತ್ತು ಅನ್ನಲಾಗದು. ಪಕ್ಕದಲ್ಲಿ ಒಬ್ಬರು ಇದ್ದು ‘ಅಯ್ಯೋ, ಇದು ಮೋಸ’ ಅಂದಿದ್ದರೆ ಎಷ್ಟೋ ಪ್ರಕರಣಗಳು ಅಲ್ಲೇ ಮುಗಿಯುತ್ತಿದ್ದವು. ಹಾಗಾದರೆ ಹಿರಿಯರು ಮಕ್ಕಳಿಗೆ ಯಾಕೆ ಹೇಳುವುದಿಲ್ಲ? ವಂಚಕರ ಭಯ ಒಂದು ಕಾರಣ. ಇನ್ನೊಂದು ಕಾರಣ ನಾವು. ಒಂದು ತಪ್ಪು ಲಿಂಕ್ ಒತ್ತಿದಾಗ ‘ನಿಮಗೆ ಎಷ್ಟು ಸಲ ಹೇಳಬೇಕು’ ಅಂತ ರೇಗಿದ್ದು. ತಪ್ಪು ಫಾರ್ವರ್ಡ್ ಹಾಕಿದಾಗ ಇಡೀ ಫ್ಯಾಮಿಲಿ ಗ್ರೂಪಿನ ಮುಂದೆ ಗೇಲಿ ಮಾಡಿದ್ದು. ‘ನಿಮಗೆ ಇದೆಲ್ಲ ಅರ್ಥ ಆಗಲ್ಲ, ಫೋನ್ ಇಲ್ಲಿ ಕೊಡಿ’ ಅಂತ ಕಿತ್ತುಕೊಂಡಿದ್ದು. ಇಷ್ಟೆಲ್ಲ ಕಂಡವರು ದೊಡ್ಡ ತಪ್ಪು ಆದಾಗ ನಮ್ಮ ಹತ್ತಿರ ಬರುತ್ತಾರಾ? ನಮ್ಮ ನಗು ಅವರನ್ನು ಒಂಟಿ ಮಾಡುತ್ತದೆ. ವಂಚಕನಿಗೆ ಬೇಕಾಗಿರುವುದು ಒಂಟಿಯಾದ ಮನುಷ್ಯನೇ.

ಇದಕ್ಕೆ ಫೋನ್ ಕಿತ್ತುಕೊಳ್ಳುವುದು ಪರಿಹಾರ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2025ರ ಜೂನ್‌ನಲ್ಲಿ ಕೊಟ್ಟ ವರದಿ ಪ್ರಕಾರ ವಯಸ್ಸಾದವರಲ್ಲಿ ಮೂವರಲ್ಲಿ ಒಬ್ಬರವರೆಗೂ ಜನಸಂಪರ್ಕ ಕಡಿಮೆಯಾಗಿ ಬದುಕುತ್ತಿರಬಹುದು. ಅಂಥವರ ಕೈಯಿಂದ ಬ್ಯಾಚ್ ಗ್ರೂಪ್, ಭಜನೆ ಗ್ರೂಪ್, ಮೊಮ್ಮಗಳ ವಿಡಿಯೊ ಕಾಲ್ ಎಲ್ಲವನ್ನೂ ಕಿತ್ತರೆ ಆ ಕೊರತೆ ಇನ್ನೂ ಹೆಚ್ಚುತ್ತದೆ.

ಮನೆಯಲ್ಲಿ ಮಾಡಬೇಕಾದ್ದು ಜಾಸ್ತಿ ಏನಿಲ್ಲ, ಆದರೆ ತಾಳ್ಮೆ ಬೇಕು. ವಾಟ್ಸಾಪಿನಲ್ಲಿ ಗೊತ್ತಿಲ್ಲದ ನಂಬರಿನ ಕರೆಗಳನ್ನು ಸದ್ದಿಲ್ಲದಂತೆ ಮಾಡುವ ಆಯ್ಕೆ 2023ರಿಂದ ಇದೆ. ಗೊತ್ತಿಲ್ಲದವರು ಗ್ರೂಪಿಗೆ ಸೇರಿಸದಂತೆ ತಡೆಯಬಹುದು. ಎರಡು ಹಂತದ ಪಿನ್ ಹಾಕಬಹುದು. ಇವನ್ನೆಲ್ಲ ನಾವೇ ಪಟಪಟ ಮಾಡಿಕೊಟ್ಟು ಎದ್ದು ಹೋಗುವುದಲ್ಲ. ಪಕ್ಕದಲ್ಲಿ ಕೂತು ಅವರ ಕೈಯಿಂದಲೇ ಮಾಡಿಸಬೇಕು, ಮರೆತರೆ ಇನ್ನೊಂದು ಸಲ ಹೇಳಬೇಕು. ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಅನ್ನುವುದೇ ಇಲ್ಲ, ಪೊಲೀಸರು ವಿಡಿಯೊ ಕಾಲ್‌ನಲ್ಲಿ ಬಂಧಿಸುವುದಿಲ್ಲ ಅಂತ ಸ್ಪಷ್ಟವಾಗಿ ಹೇಳಬೇಕು. ಹಣ ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಎಷ್ಟು ಬೇಗ ಮಾಡಿದರೆ ಹಣ ತಡೆಯುವ ಸಾಧ್ಯತೆ ಅಷ್ಟು ಹೆಚ್ಚು. ಮುಖ್ಯವಾಗಿ, ‘ಏನೇ ಆದರೂ ಮೊದಲು ನನಗೆ ಹೇಳಿ, ನಾನು ಬೈಯಲ್ಲ’ ಅಂತ ಮಾತು ಕೊಡಬೇಕು, ಕೊಟ್ಟ ಮಾತು ಉಳಿಸಿಕೊಳ್ಳಬೇಕು.

ಆದರೆ ಮಕ್ಕಳು ಹತ್ತಿರ ಇಲ್ಲದವರಿಗೆ, ಮಕ್ಕಳೇ ಇಲ್ಲದವರಿಗೆ ಇದನ್ನು ಯಾರು ಮಾಡಬೇಕು? ಇಲ್ಲಿ ಸರ್ಕಾರದ್ದು ದೊಡ್ಡ ಲೋಪ. ಹಳ್ಳಿಗಳಲ್ಲಿ ಡಿಜಿಟಲ್ ಸಾಕ್ಷರತೆಗಾಗಿ ಕೇಂದ್ರ ಸರ್ಕಾರ 2017ರಲ್ಲಿ ತಂದ ಪಿಎಂಜಿ-ದಿಶಾ ಯೋಜನೆ ಆರು ಕೋಟಿಗೂ ಹೆಚ್ಚು ಜನರಿಗೆ ತರಬೇತಿ ಕೊಟ್ಟು 2024ರ ಮಾರ್ಚ್‌ನಲ್ಲಿ ಮುಗಿಯಿತು. ಅದಕ್ಕೆ ಸೇರಲು ವಯಸ್ಸಿನ ಮಿತಿ 14ರಿಂದ 60 ವರ್ಷ. 60 ದಾಟಿದವರನ್ನು ನಿಯಮವೇ ಹೊರಗಿಟ್ಟಿತ್ತು. ಪಿಂಚಣಿ, ರೇಷನ್, ಬ್ಯಾಂಕ್ ಎಲ್ಲವನ್ನೂ ಫೋನಿಗೆ ತಂದ ಅದೇ ವರ್ಷಗಳಲ್ಲಿ, ಫೋನ್ ಕಲಿಸುವ ಪಾಠದಿಂದ ಅವರನ್ನು ದೂರ ಇಟ್ಟೆವು. ದೇಶದಲ್ಲಿ 60 ದಾಟಿದವರು 2011ರಲ್ಲಿ ಸುಮಾರು 10.4 ಕೋಟಿ ಇದ್ದರು. 2031ಕ್ಕೆ 19 ಕೋಟಿ ದಾಟುತ್ತಾರೆ ಅನ್ನುವುದು ಸರ್ಕಾರದ್ದೇ ಅಂದಾಜು.

ಕರ್ನಾಟಕದಲ್ಲಿ ಇದನ್ನು ಸರಿಪಡಿಸಲು ಹೊಸ ಕಟ್ಟಡ ಬೇಕಾಗಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ, ಹಲವು ಕಡೆ ಕಂಪ್ಯೂಟರ್, ಇಂಟರ್ನೆಟ್ ಇದೆ, ಮೇಲ್ವಿಚಾರಕರಿದ್ದಾರೆ. ವಾರಕ್ಕೆ ಒಂದು ಮಧ್ಯಾಹ್ನ ಅಲ್ಲಿ ಹಿರಿಯರಿಗಾಗಿಯೇ ಫೋನ್ ಪಾಠ ಇಡಬಹುದು. ಕಲಿಸುವವರು ಅದೇ ಊರಿನ ಕಾಲೇಜು ಹುಡುಗಿಯರಾದರೆ ಅಜ್ಜಿಯರೂ ಸಂಕೋಚವಿಲ್ಲದೆ ಬರುತ್ತಾರೆ. ಬ್ಯಾಂಕುಗಳ ಪಾಲಿನ ಕೆಲಸವೂ ಇದೆ. ಹಿರಿಯರೊಬ್ಬರು ಬಂದು ಇದ್ದಕ್ಕಿದ್ದಂತೆ ಎಫ್‌ಡಿ ಮುರಿದು ಗೊತ್ತಿಲ್ಲದ ಖಾತೆಗೆ ದೊಡ್ಡ ಮೊತ್ತ ಕಳಿಸಲು ಹೊರಟಾಗ, ಸಿಬ್ಬಂದಿ ಅನುಮಾನಪಟ್ಟು ವಿಚಾರಿಸಿ ಹಣ ಉಳಿಸಿದ ಉದಾಹರಣೆಗಳಿವೆ. ಅದು ಯಾರೋ ಒಬ್ಬ ಮ್ಯಾನೇಜರ್‌ನ ಒಳ್ಳೆಯತನಕ್ಕೆ ಬಿಟ್ಟ ವಿಷಯ ಆಗಬಾರದು. ಅಂಥ ವರ್ಗಾವಣೆಯನ್ನು ಒಂದು ದಿನ ತಡೆಹಿಡಿದು, ಗ್ರಾಹಕರು ಮೊದಲೇ ಸೂಚಿಸಿದ ಒಬ್ಬರಿಗೆ ಫೋನ್ ಮಾಡಿ ಕೇಳುವುದು ಕಡ್ಡಾಯ ನಿಯಮ ಆಗಬೇಕು.